ತೊಟ್ಟಿನ ಪಕ್ಕದ ಗುರುತು

ಕುಂಬಳಕಾಯಿಯಷ್ಟು ಸುಳ್ಳುಗಾರ ತರಕಾರಿ ಇನ್ನೊಂದಿಲ್ಲ. ಸೊಪ್ಪು ಕೆಟ್ಟರೆ ಸೋತು ಮಲಗುತ್ತದೆ, ಈರುಳ್ಳಿ ಕೆಟ್ಟರೆ ಬೀದಿಗೆಲ್ಲ ಹೇಳಿಕೊಂಡು ಬರುತ್ತದೆ. ಕುಂಬಳ ಮಾತ್ರ ಒಳಗೆ ನೀರಾಗಿದ್ದರೂ ಹೊರಗೆ ಏನೂ ಆಗಿಲ್ಲವೆಂಬಂತೆ ದುಂಡಗೆ ಕೂತಿರುತ್ತದೆ. ಎತ್ತಿಕೊಂಡಾಗ ತಳ ಕಳಚಿ ಪಾದದ ಮೇಲೆ ಬಿದ್ದರೆ ಆಗ ಗೊತ್ತಾಗಬೇಕು. ಈ ಸುಳ್ಳುಗಾರರ ನಡುವೆ ನನ್ನ ಅರ್ಧ ಆಯುಸ್ಸು ಕಳೆದಿದೆ. ಹಾಗಾಗಿ ನನ್ನ ಮಾತು ಸ್ವಲ್ಪ ಖಾರ ಅನ್ನಿಸಿದರೆ ಬೇಜಾರು ಮಾಡಿಕೊಳ್ಳಬೇಡಿ.

ಆ ದಿನ ಬೆಳಿಗ್ಗೆ ಗೋದಾಮಿನ ಮೂಲೆ ಕೋಣೆಯ ಬಾಗಿಲು ತೆಗೆದಾಗ ನನಗೆ ಕೋಪವೂ ಬರಲಿಲ್ಲ, ಅಳುವೂ ಬರಲಿಲ್ಲ. ಬರೀ ಸುಸ್ತಾಯಿತು. ಹೊಸ್ತಿಲ ಮೇಲೇ ಕೂತುಬಿಟ್ಟೆ. ಹಲಗೆಗಳ ಮೇಲೆ ಸಾಲಾಗಿ ಇಟ್ಟಿದ್ದ ಸಿಹಿಗುಂಬಳಗಳಲ್ಲಿ ಒಂದಾದ ಮೇಲೊಂದರ ತೊಟ್ಟಿನ ಪಕ್ಕ ಬೂದು ಬಣ್ಣದ ಬೂಷ್ಟು ಎದ್ದಿತ್ತು. ಅವೆಲ್ಲ ನಾನು ನನ್ನ ಕೈಯಾರೆ ಲೇಪನ ಹಚ್ಚಿದ ಕುಂಬಳಗಳು. ಮಾರನೆಯ ದಿನ ಮ್ಯಾನೇಜರು ಬಂದು ನೋಡಿ, ನನ್ನ ಲೇಪನ ಇರಬೇಕೋ ಹೋಗಬೇಕೋ ಎಂದು ತೀರ್ಮಾನಿಸಬೇಕಿದ್ದದ್ದು ಇವೇ ಕುಂಬಳಗಳನ್ನು ನೋಡಿ.

ಲೇಪನ ಎಂದರೆ ದೊಡ್ಡ ಮಾತೇನಲ್ಲ. ಸೀಗಡಿಯ ಸಿಪ್ಪೆಯಿಂದ ತೆಗೆದ ಒಂದು ಪುಡಿ ಸಿಗುತ್ತದೆ. ಅದನ್ನು ಹುಳಿ ಬೆರೆಸಿದ ನೀರಿನಲ್ಲಿ ಕರಗಿಸಿ, ಸ್ವಲ್ಪ ಲವಂಗದ ಎಣ್ಣೆ ಸೇರಿಸಿ, ಅದರಲ್ಲಿ ಕಾಯಿ ಅದ್ದಿ ತಂತಿಬಲೆಯ ಮೇಲೆ ಒಣಗಿಸುತ್ತೇನೆ. ಒಣಗಿದ ಮೇಲೆ ಕಾಯಿಯ ಮೇಲೆ ಈರುಳ್ಳಿ ಪೊರೆಗಿಂತ ತೆಳ್ಳನೆಯ ಒಂದು ಪೊರೆ ಉಳಿಯುತ್ತದೆ. ಬೂಷ್ಟಿಗೆ ಒಳಗೆ ಹೋಗಲು ದಾರಿ ಬೇಕು, ಪೊರೆ ಆ ದಾರಿ ಮುಚ್ಚುತ್ತದೆ. ತೊಳೆದರೆ ಹೋಗುತ್ತದೆ, ಮಣ್ಣಿಗೆ ಎಸೆದರೆ ಮಣ್ಣಾಗುತ್ತದೆ, ಸಿಪ್ಪೆ ಸಮೇತ ದನ ತಿಂದರೂ ದನಕ್ಕೆ ಏನೂ ಆಗುವುದಿಲ್ಲ. ಒಂದೇ ತೊಂದರೆ, ಒಂದು ಕಡೆ ಹರಿದರೂ ಮುಗಿಯಿತು. ಬಾಗಿಲಿಗೆ ಬೀಗ ಹಾಕಿ ಕಿಟಕಿ ತೆರೆದಿಟ್ಟ ಹಾಗೆ. ನೋಡಲು ಬಟ್ಟೆಗೆ ಹಾಕುವ ಗಂಜಿಯಂತೆಯೇ ಇರುವುದರಿಂದ ಗೋದಾಮಿನಲ್ಲಿ ಅದಕ್ಕೆ ಗಂಜಿ ಎಂದೇ ಹೆಸರು ಬಿತ್ತು. ನನಗೆ ಗಂಜಿಯಮ್ಮ ಎಂದು.

ಗಂಜಿಗೆ ಮುಂಚೆ ಗಂಧಕವಿತ್ತು. ಕಬ್ಬಿಣದ ಬಾಣಲೆಯಲ್ಲಿ ಗಂಧಕ ಹಾಕಿ ಬೆಂಕಿ ಹಚ್ಚಿ, ಕೋಣೆಯ ಬಾಗಿಲು ಮುಚ್ಚಿ, ಹೊಗೆ ತುಂಬಿಸುವುದು. ಬೂಷ್ಟು ಸಾಯುತ್ತದೆ, ನಿಜ. ಹೊಗೆ ಇಳಿಯಿತೋ ಇಲ್ಲವೋ ಎಂದು ಮ್ಯಾನೇಜರು ಅಂಗಳದಲ್ಲಿ ನಿಂತು ತೀರ್ಮಾನಿಸುತ್ತಾರೆ, ಒಳಗೆ ಹೋಗುವವರು ಕೆಟ್ಟ ಕಾಯಿ ಆರಿಸುವ ಹೆಂಗಸರು. ಋತು ಮುಗಿಯುವವರೆಗೂ ಕೆಮ್ಮು, ಕಣ್ಣುರಿ. ನಾನೂ ಆ ಹೆಂಗಸರಲ್ಲಿ ಒಬ್ಬಳಾಗಿದ್ದವಳೇ. ಸಂಜೆ ಕಾಲೇಜಿಗೆ ಹೋಗಿ ಓದಿ, ಈಗ ಬಿಳಿ ಕೋಟು ಹಾಕಿಕೊಂಡು ಗುಣಮಟ್ಟ ನೋಡುವ ಕೆಲಸದಲ್ಲಿದ್ದೇನೆ. ಗಂಧಕ ನಿಲ್ಲಿಸಿ ಎಂದು ಕೇಳಿ ಕೇಳಿ ನನ್ನ ಗಂಟಲು ಒಣಗಿದ ಮೇಲೆ ಮ್ಯಾನೇಜರು ಒಂದು ಕೋಣೆ ಕೊಟ್ಟರು. "ಈ ಚಳಿಗಾಲ ನಿಂದು. ಉಳಿದ್ರೆ ಇಡೀ ಗೋದಾಮಿಗೆ ಗಂಜಿ. ಕೊಳೆತ್ರೆ ಮತ್ತೆ ಬಾಣಲೆ ಇಳಿಸ್ತೀನಿ, ಆಮೇಲೆ ಈ ಮಾತು ಎತ್ತಬಾರ್ದು" ಎಂದಿದ್ದರು. ತೀರ್ಮಾನವಾಗುವ ತನಕ ಬೇರೆ ಕೋಣೆಗಳಿಗೂ ಬಾಣಲೆ ಇಳಿಸುವುದಿಲ್ಲ ಎಂಬ ಮಾತನ್ನು ಅವರ ಬಾಯಿಂದ ಹೊರಡಿಸಲು ನಾನು ಪಟ್ಟ ಪಾಡು ಬೇರೆಯೇ.

ಹೊಸ್ತಿಲ ಮೇಲೆ ಎಷ್ಟು ಹೊತ್ತು ಕೂತರೂ ಬೂಷ್ಟು ಇಳಿಯುವುದಿಲ್ಲವಲ್ಲ. ಎದ್ದೆ. ಒಂದೊಂದೇ ಕಾಯಿ ನೋಡುತ್ತ ಹೋದೆ.

ಮೊದಲು ಕಣ್ಣಿಗೆ ಬಿದ್ದದ್ದು ಮೇಲಿನ ಹಲಗೆ. ಅಲ್ಲಿ ಒಂದಕ್ಕೂ ಏನೂ ಆಗಿರಲಿಲ್ಲ. ಏಣಿ ಹತ್ತಿ ತಿರುಗಿಸಿ ಮುರುಗಿಸಿ ನೋಡಿದೆ, ಪೊರೆ ಹೊಳೆಯುತ್ತಿತ್ತು. ಅದರ ಕೆಳಗಿನ ಹಲಗೆಗಳಲ್ಲಿ ಮಾತ್ರ ಬೂಷ್ಟು. ಅದೂ ಎಲ್ಲೆಂದರಲ್ಲಿ ಅಲ್ಲ, ತೊಟ್ಟಿನ ಎಡಗಡೆ, ಪ್ರತಿ ಕಾಯಿಗೂ ಅದೇ ಜಾಗದಲ್ಲಿ. ಬೂಷ್ಟಿಗೆ ಇಷ್ಟೊಂದು ಶಿಸ್ತು ಎಲ್ಲಿಂದ ಬಂತು? ಪಕ್ಕದ ಕೋಣೆಗೆ ಹೋಗಿ ಗಂಜಿ ಹಚ್ಚದ ಕುಂಬಳಗಳನ್ನು ನೋಡಿದೆ. ಅಲ್ಲಿ ಮೇಲೆ ಕೆಳಗೆ ಎಂದಿಲ್ಲದೆ ಕೊಳೆತಿದ್ದವು, ತಳದಲ್ಲಿ, ಪಕ್ಕೆಯಲ್ಲಿ, ಮನಸ್ಸಿಗೆ ಬಂದ ಕಡೆ. ವಾಪಸ್ಸು ಬಂದು ಒಂದು ಕಾಯಿಯ ಬೂಷ್ಟನ್ನು ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿದೆ. ಅಡಿಯಲ್ಲಿ ಒಂದು ಉಗುರಿನ ಗುರುತು. ಇನ್ನೊಂದು ಒರೆಸಿದೆ, ಅಲ್ಲೂ. ಮತ್ತೊಂದರಲ್ಲೂ. ಯಾರೋ ತೊಟ್ಟಿನ ಪಕ್ಕ ಹೆಬ್ಬೆರಳಿನಿಂದ ಒತ್ತಿ ನೋಡಿದ್ದಾರೆ. ಉಗುರು ತಾಗಿ ಪೊರೆ ಹರಿದಿದೆ, ಬೂಷ್ಟಿಗೆ ದಾರಿ ಸಿಕ್ಕಿದೆ.

ಆ ಗುರುತು ಇಡೀ ಗೆರೆಯಲ್ಲ. ನಡುವೆ ತುಂಡಾಗಿತ್ತು. ಎರಡು ಸಣ್ಣ ಗೆರೆ, ನಡುವೆ ಒಂದು ಸಂದು.

ಅದನ್ನು ನೋಡಿದ ಮೇಲೆ ಏಣಿಗೆ ಒರಗಿ ನಿಂತೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಹಿಂದೊಮ್ಮೆ ಪೆಟ್ಟಿಗೆಯ ಮುಚ್ಚಳ ಬಿದ್ದು, ಇದೇ ಗೋದಾಮಿನಲ್ಲಿ ಕಾಯಿ ಆರಿಸುವ ನನ್ನ ಅಕ್ಕನ ಎಡಗೈ ಹೆಬ್ಬೆರಳಿನ ಉಗುರು ಉದ್ದಕ್ಕೆ ಸೀಳಿತ್ತು, ಆಮೇಲೆ ಬೆಳೆದದ್ದೂ ಸೀಳಾಗಿಯೇ. ಅಕ್ಕ ಎಡಚಿ. ಅಕ್ಕ ಕುಳ್ಳಿ, ಮೇಲಿನ ಹಲಗೆ ಅವಳಿಗೆ ಎಟುಕುವುದಿಲ್ಲ. ಆ ಹೆಬ್ಬೆರಳು ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಅಮ್ಮ ಸತ್ತ ಮೇಲೆ ನನ್ನ ತಲೆ ಬಾಚಿದ್ದು, ಮುಖ ತೊಳೆದದ್ದು, ಕೆನ್ನೆಗೆ ಬಾರಿಸಿದ್ದು ಎಲ್ಲ ಅದೇ ಕೈ.

ಅಕ್ಕನ ಬಗ್ಗೆ ಹೇಳಬೇಕು. ಗೋದಾಮಿನಲ್ಲಿ ಅವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುವುದು. ಅವಳಿಗಿಂತ ಹಿರಿಯ ಹಮಾಲಿಗಳೂ, ಮ್ಯಾನೇಜರೂ. ಆರಿಸುವ ಹೆಂಗಸರಿಗೆ ಅವಳೇ ಮುಂದಾಳು, ಅದಕ್ಕೆ ಕಾರಣ ಅವಳ ಮೂಗು. ಹಲಗೆಗಳ ನಡುವೆ ಸುಮ್ಮನೆ ನಡೆದುಕೊಂಡು ಹೋಗಿ, ಅಲ್ಲಲ್ಲಿ ತೊಟ್ಟಿನ ಮೇಲೆ ಬಗ್ಗಿ, "ಇದು ತೆಗೀರಿ" ಎನ್ನುತ್ತಿದ್ದಳು. ತೆಗೆದು ಹೆಚ್ಚಿದರೆ ಒಳಗೆ ಕಪ್ಪು. ಹೊರಗೆ ಒಂದು ಚುಕ್ಕೆಯೂ ಇರುತ್ತಿರಲಿಲ್ಲ. ಅವಳು ಎಲ್ಲರಿಗೂ ಕಲಿಸಿದ ಪಾಠ ಒಂದೇ, "ಮೊದ್ಲು ಮೂಗು, ಆಮೇಲೆ ಕೈ." ಮುಟ್ಟಿದಷ್ಟೂ ಕಾಯಿಗೆ ಪೆಟ್ಟು, ಆದ್ದರಿಂದ ವಾಸನೆ ಬಂದರೆ ಮಾತ್ರ ಮುಟ್ಟಬೇಕು. ಹೊಸಬರು ಯಾರಾದರೂ ಸಂತೆಯಲ್ಲಿ ಕಾಯಿ ಕೊಳ್ಳುವವರ ಹಾಗೆ ಹೆಬ್ಬೆರಳು ಒತ್ತಿದರೆ ಅವಳು ಕೈ ಮೇಲೆ ಚಟ್ಟನೆ ಕೊಡುತ್ತಿದ್ದಳು. ನನಗೂ ಕೊಟ್ಟಿದ್ದಾಳೆ.

ಅಂಥವಳು ನನ್ನ ಕೋಣೆಯ ಕಾಯಿಗಳನ್ನು ಒಂದೂ ಬಿಡದೆ ಒತ್ತಿದ್ದಳು.

ಸುಳ್ಳು ಏಕೆ ಹೇಳಲಿ, ಆಗ ನಾನು ಅಕ್ಕನನ್ನು ದ್ವೇಷಿಸಿದೆ. ಗಂಜಿ ಬಂದರೆ ಮೂಗಿಗೆ ಏನು ಕೆಲಸ ಎಂದು ಹಮಾಲಿಗಳು ಆಡಿಕೊಳ್ಳುತ್ತಿದ್ದದ್ದು ನನ್ನ ಕಿವಿಗೂ ಬಿದ್ದಿತ್ತು. ಅಕ್ಕನಿಗೂ ಬಿದ್ದಿರಬೇಕು. ಅವಳು ಮೊದಲಿನಿಂದಲೂ ಗಂಜಿಯನ್ನು ಗೇಲಿ ಮಾಡಿದವಳೇ. "ಒಂದು ಕುಂಬಳಕಾಯಿಗೆ ಇಷ್ಟೊಂದು ಉಪಚಾರನಾ? ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲೇ!" ಎಂದು ಎಲ್ಲರೆದುರು ನಕ್ಕಿದ್ದಳು. ತಕ್ಕಡಿಯ ಹತ್ತಿರ ಕೆಲಸ ಮಾಡುವ ತೂಕದವಳು ಮೊದಲ ದಿನ ಲವಂಗದ ಘಾಟಿಗೆ ಬಾಗಿಲಲ್ಲೇ ನಿಂತು, "ಅಬ್ಬಾ, ಹಲ್ಲಿನ ಡಾಕ್ಟ್ರ ಹತ್ರ ಬಂದ ಹಾಗಿದೆ" ಎಂದರೆ, ಅಕ್ಕ ಒಳಗಿನಿಂದಲೇ, "ಹೂಂ ಮತ್ತೆ, ಹಲ್ಲಿನ ಡಾಕ್ಟ್ರೇ!" ಎಂದು ಸೇರಿಸಿದ್ದಳು. ಅದೆಲ್ಲ ನೆನಪಾಗಿ ಹೊಟ್ಟೆ ಉರಿಯಿತು. ಸಾಕಿದ ಕೈಯೇ ಕುತ್ತಿಗೆ ಹಿಸುಕುವುದು ಎಂದರೆ ಇದೇ ಎಂದುಕೊಂಡೆ. ಜಗಳ ಆಡಲೇಬೇಕೆಂದು ಊಟದ ಹೊತ್ತಿಗೆ ಆರಿಸುವ ಹಜಾರಕ್ಕೆ ಹೋದೆ.

ಹಜಾರದಲ್ಲಿ ಕಿಟಕಿಯ ಪಕ್ಕ ಊಟದ ಬೆಂಚುಗಳಿವೆ. ಅವತ್ತು ಹೆಂಗಸರೆಲ್ಲ ಎದುರುಗಡೆಯ ಗೋಡೆಗೆ ಒತ್ತಿಕೊಂಡು, ಡಬ್ಬಿಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಕಿಟಕಿಯ ಕಡೆ ಕೊಳೆತದ್ದನ್ನು ಹಾಕುವ ಪೀಪಾಯಿ ಇತ್ತು, ಅದರ ಮುಚ್ಚಳ ಒಡೆದಿತ್ತು. ಬೆಳಿಗ್ಗೆ ನನ್ನ ಕೋಣೆಯಿಂದ ತೆಗೆದ ತೀರಾ ಕೊಳೆತ ಕಾಯಿಗಳೂ ಅದರಲ್ಲೇ ಇದ್ದವು. ಆ ನಾತಕ್ಕೆ ನಾನು ಬಾಗಿಲಿನಲ್ಲೇ ಕೋಟಿನ ತೋಳನ್ನು ಮೂಗಿಗೆ ಒತ್ತಿಕೊಂಡೆ. ಅಕ್ಕ ಕೈ ತೊಳೆದುಕೊಂಡು ಬಂದಳು.

"ಏನ್ರೇ, ಎಲ್ಲಾ ಅಲ್ಲೇ ಕುರಿ ಹಾಗೆ ತುಂಬ್ಕೊಂಡಿದ್ದೀರಿ? ಇಲ್ಲಿ ಎಷ್ಟು ಗಾಳಿ ಬರ್ತಿದೆ!"

ಪೀಪಾಯಿಯ ಪಕ್ಕದಲ್ಲೇ ಕೂತು ಡಬ್ಬಿ ಬಿಚ್ಚಿದಳು. ನಿಧಾನವಾಗಿ, ಹಾಯಾಗಿ ತಿಂದಳು. ತೂಕದವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ನನ್ನ ಕಿವಿಯಲ್ಲಿ, "ನಿಮ್ಮಕ್ಕ ಭಾರಿ ಗಟ್ಟಿ ಬಿಡಿ. ನಮಗೆ ಒಂದು ತುತ್ತು ಇಳೀತಿಲ್ಲ" ಎಂದಳು.

ಗಟ್ಟಿ ಅಲ್ಲ. ನನ್ನ ಕೋಪವೆಲ್ಲ ನಿಂತಲ್ಲೇ ಇಳಿದುಹೋಯಿತು. ಅಕ್ಕ ತಲೆಯೆತ್ತಿ, "ಏನೇ ಹಾಗೆ ನೋಡ್ತೀಯ? ಊಟ ಆಯ್ತಾ?" ಎಂದಳು. ಆಯ್ತು ಎಂದೆ. ಆಗಿರಲಿಲ್ಲ.

ಮಧ್ಯಾಹ್ನವೆಲ್ಲ ನಾನು ಅವಳನ್ನೇ ದೂರದಿಂದ ನೋಡಿದೆ. ಹಲಗೆಯ ಮುಂದೆ ಬಗ್ಗುತ್ತಾಳೆ, ತೊಟ್ಟಿಗೆ ಮೂಗು ತಾಗಿಸುತ್ತಾಳೆ, ಎಲ್ಲ ಹಿಂದಿನ ಹಾಗೆಯೇ. ಆದರೆ ಸೆರಗಿನ ಮರೆಯಲ್ಲಿ ಎಡಗೈ ಮುಂದೆ ಹೋಗುತ್ತದೆ. ಇಷ್ಟು ದಿನ ಅದು ನನ್ನ ಕಣ್ಣಿಗೆ ಹೇಗೆ ಬೀಳಲಿಲ್ಲವೋ. ಒಂದೇ ಮನೆಯಲ್ಲಿ ಮಲಗೆದ್ದರೂ ನಾನು ನೋಡುತ್ತಿದ್ದದ್ದು ಕುಂಬಳಕಾಯಿಗಳನ್ನು ಮಾತ್ರ.

ನಾನು ಮದುವೆಯಾಗಲಿಲ್ಲ, ಅದು ಬೇರೆ ಕಥೆ. ಅಕ್ಕ ಭಾವನ ಜತೆಯಲ್ಲೇ ಇದ್ದೇನೆ, ಬಸ್ ಡಿಪೋದ ಹಿಂದೆ ಎರಡು ಕೋಣೆಯ ಮನೆ. ಭಾವ ಮೊದಲು ಇದೇ ಗೋದಾಮಿನಲ್ಲಿ ಹಮಾಲಿ. ಬೆನ್ನು ಕೈಕೊಟ್ಟ ಮೇಲೆ ಮನೆಯಲ್ಲೇ, ರೇಡಿಯೊದ ಮುಂದೆ. ಸಂಜೆ ನಾನು ಅಕ್ಕನಿಗಿಂತ ಮುಂಚೆ ಮನೆಗೆ ಹೋಗಿ, ಚಪ್ಪಲಿ ಕಳಚುವ ಮೊದಲೇ ಕೇಳಿದೆ.

"ಭಾವ, ಅಕ್ಕನಿಗೆ ವಾಸನೆ ಬರಲ್ವಾ?"

ಭಾವ ರೇಡಿಯೊ ಸಣ್ಣ ಮಾಡಿದರು. "ಅಂತೂ ಗೊತ್ತಾಯ್ತಾ ನಮ್ಮ ವಿಜ್ಞಾನಿಗೆ?"

"ಯಾವಾಗಿಂದ?"

"ಹೋದ ಸಲ ಗಂಧಕ ಹಾಕ್ದಾಗ ಬಾಗ್ಲು ಬೇಗ ತೆಗ್ಸಿದ್ರಲ್ಲ, ಆವತ್ತಿಂದ. ನೆಗಡಿ ನೆಗಡಿ ಅಂತಿದ್ಲು. ಯಾವ ನೆಗಡಿ ಇಷ್ಟು ದಿನ ಇರುತ್ತೆ? ಡಾಕ್ಟ್ರು ನೋಡಿ, ಇನ್ನು ಬರೋದು ಅನುಮಾನ ಅಂದ್ರು. ನಿಂಗೆ ಹೇಳ್ಬೇಡಿ ಅಂತ ನನ್ನ ಕೈಲಿ ಆಣೆ ಹಾಕಿಸ್ಕೊಂಡಿದ್ಲು." ಬೆನ್ನಿಗೆ ದಿಂಬು ಸರಿಮಾಡಿಕೊಂಡು ನಕ್ಕರು. "ನಂಗೂ ಕೊನೆಗೆ ಈ ಮನೇಲಿ ಒಂದು ಕೆಲ್ಸ ಸಿಕ್ತು ನೋಡು. ಹಾಲು ಕೆಟ್ಟಿದ್ಯಾ, ಗ್ಯಾಸು ಸೋರ್ತಿದ್ಯಾ, ಅನ್ನ ತಳ ಹಿಡೀತಾ, ಎಲ್ಲಾ ಖಾತೆ ನಂದೇ."

ನನಗೆ ನಗು ಬರಲಿಲ್ಲ. ಅಷ್ಟರಲ್ಲಿ ಅಕ್ಕ ಒಳಗೆ ಬಂದು, ನಮ್ಮಿಬ್ಬರ ಮುಖ ನೋಡಿ, ಚೀಲವನ್ನು ಮೆಲ್ಲಗೆ ಕೆಳಗಿಟ್ಟಳು. ಗಂಡನ ಕಡೆ ಕಣ್ಣು ಬಿಟ್ಟಳು.

"ಹೇಳ್ಬಿಟ್ರಾ?"

"ಅವರು ಹೇಳ್ಲಿಲ್ಲ" ಎಂದೆ. "ನಿನ್ನ ಹೆಬ್ಬೆರಳು ಹೇಳ್ತು."

ಮೂಲೆ ಕೋಣೆಯಲ್ಲಿ ಕಂಡದ್ದನ್ನೆಲ್ಲ ಹೇಳಿದೆ. ಬೂಷ್ಟು, ಉಗುರು, ಹರಿದ ಪೊರೆ, ಮೇಲಿನ ಹಲಗೆ. ಅಕ್ಕ ಗೋಡೆಗೆ ಒರಗಿ ಕೂತು ಕೇಳಿದಳು. ಕೇಳುತ್ತ ಕೇಳುತ್ತ ಹೆಬ್ಬೆರಳನ್ನು ಉಳಿದ ಬೆರಳುಗಳ ಒಳಗೆ ಮಡಚಿ ಮುಷ್ಟಿ ಮಾಡಿಕೊಂಡಳು.

"ಪೊರೆ ಹರಿಯುತ್ತೆ ಅಂತ ನಂಗೆ ಗೊತ್ತಿರ್ಲಿಲ್ಲ ಕಣೆ. ಒಣಗಿದ ಮೇಲೆ ಗಟ್ಟಿಯಾಗಿರುತ್ತೆ ಅಂದ್ಕೊಂಡಿದ್ದೆ."

"ಗಂಜಿ ಹಾಳಾಗ್ಲಿ. ಮೂಗು ಹೋಗಿದ್ದನ್ನ ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿ? ಮೂಗಿಲ್ದೋಳಿಗೆ ಅಲ್ಲೇನು ಕೆಲ್ಸ? ಅಕ್ಕ ಅಕ್ಕ ಅಂತ ಅವ್ರು ಕರೆಯೋದು ನನ್ನನ್ನಲ್ಲ, ಈ ಮೂಗನ್ನ. ಅದು ಹೋದ್ರೆ ನಾನು ಯಾರು ಅಲ್ಲಿ? ಪೀಪಾಯಿ ಪಕ್ಕದ ಇನ್ನೊಂದು ಪೀಪಾಯಿ."

ಭಾವ ರೇಡಿಯೊ ಪೂರ್ತಿ ಆರಿಸಿದರು.

"ಬೇರೆ ಕೋಣೆಗಳಲ್ಲೂ ಹೀಗೇ ಒತ್ತಿ ನೋಡ್ತಿದ್ಯಾ?" ಎಂದು ಕೇಳಿದೆ.

"ಅನುಮಾನ ಬಂದಿದ್ದನ್ನ ಮಾತ್ರ. ಅಲ್ಲಿ ಒಂದೆರಡು ತಪ್ಪಿದ್ರೆ ಯಾರ ಗಂಟು ಹೋಗುತ್ತೆ?" ಅಕ್ಕ ನನ್ನ ಕಡೆ ನೋಡಲಿಲ್ಲ. "ನಿನ್ನ ಕೋಣೇಲಿ ಒಂದೂ ತಪ್ಪಬಾರ್ದಲ್ಲ. ಒಂದು ಕೊಳೆತದ್ದು ಒಳಗೆ ಉಳ್ಕೊಂಡ್ರೆ ಸಾಲೆಲ್ಲಾ ಕೆಡುತ್ತೆ, ಆಮೇಲೆ ಎಲ್ಲಾ ನಿನ್ನ ಗಂಜಿ ಮೇಲೆ ಹಾಕ್ತಾರೆ ಅಂತ, ಪ್ರತಿ ಸುತ್ತಲ್ಲೂ ಎಲ್ಲಾನೂ ಒತ್ತಿ ನೋಡ್ದೆ. ಕೈಗೆ ಎಟುಕಿದ್ದು ಒಂದನ್ನೂ ಬಿಟ್ಟಿಲ್ಲ."

"ಮಗು ಉಸಿರಾಡ್ತಿದ್ಯಾ ಅಂತ ಪದೇ ಪದೇ ಮುಟ್ಟಿ ಎಬ್ಬಿಸೋ ತಾಯಿ ಕಣೆ ಇವ್ಳು" ಎಂದು ಭಾವ ಗೊಣಗಿದರು. ಬೆಳಿಗ್ಗೆ ಅವಳನ್ನು ದ್ವೇಷಿಸಿದ್ದೆನಲ್ಲ, ಅದು ನೆನಪಾಗಿ ಮುಖ ಎತ್ತಲಾಗಲಿಲ್ಲ. ಗಂಧಕದ ಮೇಲೆ, ಅಂಗಳದಲ್ಲಿ ನಿಂತು "ಹೊಗೆ ಇಳೀತು, ತೆಗೀರಿ" ಎಂದವರ ಮೇಲೆ ಬಂದ ಸಿಟ್ಟನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ. ಬಿಳಿ ಕೋಟಿನ ಸಮೇತ ಅಕ್ಕನ ಪಕ್ಕ ನೆಲದ ಮೇಲೆ ಕೂತೆ.

"ನಾಳೆ ನೀನು ಬಾಯಿ ಬಿಡ್ಬೇಡ" ಎಂದೆ. "ಪರೀಕ್ಷೆ ಮಾಡೋಕೆ ನಾನೇ ಒತ್ತಿದ್ದೆ, ನನ್ನ ತಪ್ಪು ಅಂತೀನಿ. ಮೇಲಿನ ಹಲಗೆ ತೋರಿಸ್ತೀನಿ."

"ಅವ್ರು ನಂಬ್ತಾರಾ?"

"ನಂಬಿದ್ರೆ ನಂಬ್ಲಿ, ಬಿಟ್ರೆ ಬಿಡ್ಲಿ. ಬೈತಾರೆ ಅಷ್ಟೆ."

"ಬೈದು ಬಾಣಲೆ ಇಳಿಸ್ತಾರೆ" ಎಂದಳು ಅಕ್ಕ. ಆಮೇಲೆ ಎದ್ದು ಪಾತ್ರೆ ತೊಳೆಯಲು ಹೋದಳು. ಅವಳು ಪಾತ್ರೆಯ ಜತೆ ಮಾತಾಡದೆ ತೊಳೆದದ್ದು ನನಗೆ ನೆನಪಿರುವಂತೆ ಅದೇ ಮೊದಲು.

ಮ್ಯಾನೇಜರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಮೇಲಿನವರ ಮಾತು ಕೆಳಗಿನವರಿಗೆ, ಕೆಳಗಿನವರ ಕೆಮ್ಮು ಮೇಲಿನವರಿಗೆ ಮುಟ್ಟಿಸುವುದರಲ್ಲಿ ಸವೆದುಹೋದ ಮನುಷ್ಯ, ಅದರಲ್ಲೂ ಎರಡನೆಯದು ಮುಟ್ಟುವುದು ಕಡಿಮೆ. ಬೆಳಿಗ್ಗೆ ಆರಿದ ಚಹಾದ ಲೋಟ ಹಿಡಿದುಕೊಂಡೇ ಮೂಲೆ ಕೋಣೆಗೆ ಬಂದರು. ಹಿಂದೆ ಆರಿಸುವ ಹೆಂಗಸರು, ಹಮಾಲಿಗಳು, ತೂಕದವಳು. ತಮಾಷೆ ನೋಡಲು ಯಾರಿಗೆ ಬೇಡ? ಅಕ್ಕ ಬಾಗಿಲ ಹತ್ತಿರ ನಿಂತಿದ್ದಳು.

ಬೂಷ್ಟು ನೋಡಿ ಮ್ಯಾನೇಜರು ನಿಟ್ಟುಸಿರು ಬಿಟ್ಟರು. "ಏನಮ್ಮಾ ಇದು? ಇಷ್ಟು ದಿನ ನಮ್ಮ ಮೂಗಿಗೆ ತುಪ್ಪ ಸವರಿದ್ದಾ?"

ಉಗುರಿನ ಗುರುತು ತೋರಿಸಿದೆ. ಪೊರೆ ಹರಿದ ಕಡೆ ಮಾತ್ರ ಬೂಷ್ಟು ಬಂದಿರುವುದನ್ನು ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. ಆಮೇಲೆ ಹಿಂದೆ ತಿರುಗಿ, "ಯಾರು ಹೀಗೆ ಒತ್ತಿದ್ದು?" ಎಂದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಮ್ಮವರೆಲ್ಲ ತಮ್ಮ ತಮ್ಮ ಹೆಬ್ಬೆರಳು ನೋಡಿಕೊಂಡರು, ಏನೂ ಮಾಡದವರೂ. ನೋಡಿಕೊಳ್ಳದೆ ನಿಂತವಳು ಅಕ್ಕ ಒಬ್ಬಳೇ.

"ನಾನೇ ಸರ್" ಎಂದೆ. "ಗಟ್ಟಿ ಇದ್ಯಾ ಅಂತ ಪರೀಕ್ಷೆ ಮಾಡೋಕೆ ಒತ್ತಿದ್ದೆ. ಪೊರೆ ಹರಿಯುತ್ತೆ ಅಂತ ಹೊಳೀಲಿಲ್ಲ."

"ಎಲ್ಲಾನೂ? ಒಂದೂ ಬಿಡದೆ?"

"ಹೂಂ."

"ಗಂಜಿ ಮಾಡಿದೋಳು ನೀನು, ಅದು ಹರಿಯೋದು ನಿಂಗೇ ಗೊತ್ತಿಲ್ವಾ?" ಮ್ಯಾನೇಜರಿಗೆ ಸಿಟ್ಟಿಗಿಂತ ಬೇಸರವೇ ಜಾಸ್ತಿ ಇತ್ತು. ಹಿಂದಿನಿಂದ ಯಾರೋ ಕಿಸಕ್ಕೆಂದರು. ನಾನು ಮೇಲಿನ ಹಲಗೆ ತೋರಿಸಿದೆ, ಪಕ್ಕದ ಕೋಣೆಯ ಮೇಲಿನ ಹಲಗೆ ಹೇಗಿದೆ ಎಂದು ಹೇಳಿದೆ, ಹಮಾಲಿಯೊಬ್ಬ ಏಣಿ ಹತ್ತಿ ಒಂದು ಕಾಯಿ ಇಳಿಸಿದ. ಮ್ಯಾನೇಜರು ಅದನ್ನು ತಿರುಗಿಸಿ ನೋಡಿದರು.

"ಹೊರಗೆ ಚೆನ್ನಾಗಿದೆ. ಕುಂಬಳ ಹೊರಗೆ ಯಾವಾಗ ಚೆನ್ನಾಗಿರಲ್ಲ? ಒಳಗಿನ ಮಾತು ಹೇಳ್ಬೇಕಾದೋರು ಬೇರೆ ಇದ್ದಾರೆ." ಬಾಗಿಲ ಕಡೆ ತಿರುಗಿದರು. "ಬನ್ನಿ ಅಕ್ಕ. ಮೇಲಿನ ಹಲಗೇದೆಲ್ಲಾ ಇಳಿಸ್ತಾರೆ, ನೀವು ಮೂಸಿ ಹೇಳಿ. ನೀವು ಚೆನ್ನಾಗಿದೆ ಅಂದ್ರೆ ಚೆನ್ನಾಗಿದೆ. ಗಂಜಿ ಇರ್ಲಿ. ಇಲ್ಲಾಂದ್ರೆ ಇವತ್ತೇ ಬಾಣಲೆ."

ನನ್ನ ಎದೆ ಧಸಕ್ಕೆಂದಿತು. ಆಮೇಲೆ ಸ್ವಲ್ಪ ಹಗುರಾಯಿತು. ಕಾಯಿಗಳು ಚೆನ್ನಾಗಿಯೇ ಇದ್ದವು, ನನಗೆ ಗೊತ್ತಿತ್ತು. ಅಕ್ಕ ಸುಮ್ಮನೆ ಬಗ್ಗಿ, ಹಿಂದಿನ ಹಾಗೆ ಮೂಗು ತಾಗಿಸಿ, "ಚೆನ್ನಾಗಿದೆ" ಎಂದರೆ ಮುಗಿಯಿತು. ಗಂಜಿ ಉಳಿಯುತ್ತದೆ, ಅಕ್ಕನೂ ಉಳಿಯುತ್ತಾಳೆ. ಹೇಳು ಅಕ್ಕ, ಹೇಳಿಬಿಡು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಅಕ್ಕ ಬಂದಳು. ಕುಂಬಳವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಬಗ್ಗಿದಳು. ಬಹಳ ಹೊತ್ತು ಬಗ್ಗಿಯೇ ಇದ್ದಳು. ಎಲ್ಲರೂ ಉಸಿರು ಹಿಡಿದು ನಿಂತಿದ್ದರು, ಅವಳ ಮೂಗಿಗೆ ಅಷ್ಟು ಮರ್ಯಾದೆ. ಆಮೇಲೆ ಅವಳು ತಲೆಯೆತ್ತಿ ಕಾಯಿಯನ್ನು ಹಲಗೆಯ ಮೇಲೆ, ಪೊರೆಗೆ ಏನೂ ತಾಗದ ಹಾಗೆ, ಮೆತ್ತಗೆ ಇಟ್ಟಳು.

"ನಾನು ಹೇಳೋದಕ್ಕೆ ಬೆಲೆ ಇಲ್ಲ" ಎಂದಳು. "ನನ್ನ ಮೂಗು ಹೋಗಿದೆ. ಹೋದ ಸಲದ ಗಂಧಕ ತಿಂದ್ಬಿಡ್ತು. ಈ ಗುರುತೆಲ್ಲಾ ನನ್ನ ಕೈದು, ಅವಳು ಸುಳ್ಳು ಹೇಳ್ತಿದ್ದಾಳೆ." ಎಡಗೈ ಹೆಬ್ಬೆರಳನ್ನು ಎತ್ತಿ ತೋರಿಸಿದಳು. "ನನ್ನ ಕೈ ಎಟುಕಿದ ಕಡೆಯೆಲ್ಲಾ ಕೊಳೆತಿದೆ. ಎಟುಕದ ಕಡೆ ಉಳಿದಿದೆ. ನಂಬಿಕೆ ಇಲ್ದಿದ್ರೆ ಹೆಚ್ಚಿ ನೋಡಿ. ಮೂಸೋದ್ಯಾಕೆ? ಎಲ್ಲಾನೂ ಹೆಚ್ಚಿ."

ತೂಕದವಳು ಕೈಯನ್ನು ಬಾಯಿಗೆ ಇಟ್ಟುಕೊಂಡಳು. ಪೀಪಾಯಿಯ ಪಕ್ಕದ ಊಟ ಅವಳಿಗೂ ಈಗ ಅರ್ಥವಾಗಿರಬೇಕು. ಮ್ಯಾನೇಜರು ಚಾಕು ತರಿಸಿದರು. ಮೇಲಿನ ಹಲಗೆಯಿಂದ ಇಳಿಸಿದ ಕಾಯಿಗಳನ್ನು ಹಮಾಲಿ ಒಂದೊಂದಾಗಿ ಸೀಳಿದ. ಒಳಗೆಲ್ಲ ಹಳದಿ, ಬೀಜದವರೆಗೂ ಶುದ್ಧ ಹಳದಿ. ಇಡೀ ಚಳಿಗಾಲ ನಾನು ಕಾದಿದ್ದ ದೃಶ್ಯ ಅದು. ನೋಡಿ ನನಗೆ ಒಂದಿಷ್ಟೂ ಸಂತೋಷವಾಗಲಿಲ್ಲ.

ಮ್ಯಾನೇಜರು ಕನ್ನಡಕ ತೆಗೆದು ಒರೆಸಿಕೊಂಡರು. "ಆಯ್ತು. ಬಾಣಲೆ ಬೇಡ. ಬೇರೆ ಕೋಣೆಗಳಿಗೂ ಗಂಜಿ ಹಚ್ಚೋಕೆ ಶುರುಮಾಡಿ" ಎಂದು ನನಗೆ ಹೇಳಿದರು. ಆಮೇಲೆ ಬೇರೆ ಕಡೆ ನೋಡುತ್ತ, "ನೀವು ಸ್ವಲ್ಪ ದಿನ ಮನೇಲಿ ವಿಶ್ರಾಂತಿ ತಗೊಳ್ಳಿ ಅಕ್ಕ. ಆಮೇಲೆ ನೋಡೋಣ" ಎಂದರು. ಗಂಧಕದ ಬಗ್ಗೆ ಒಂದು ಮಾತೂ ಇಲ್ಲ.

"ನನ್ನ ಜತೆ ಅದ್ದೋ ಕೆಲಸಕ್ಕೆ ಹಾಕಿ ಸರ್. ಅದಕ್ಕೆ ಮೂಗು ಬೇಡ" ಎಂದೆ. ನನ್ನ ದನಿ ಏರಿತ್ತು. "ಮೂಗು ಹೋಗಿದ್ದು ಇಲ್ಲೇ ತಾನೇ?"

"ನೋಡೋಣ ಅಂದ್ನಲ್ಲಮ್ಮ."

ದೊಡ್ಡವರ ‘ನೋಡೋಣ’ ಎಂದರೆ ಏನೆಂದು ಚಿಕ್ಕವರಿಗೆಲ್ಲ ಗೊತ್ತು. ನಾನು ಇನ್ನೂ ಏನೋ ಹೇಳಲು ಹೋದಾಗ ಅಕ್ಕ ನನ್ನ ಕೋಟಿನ ತೋಳು ಹಿಡಿದು ಎಳೆದಳು, ಚಿಕ್ಕಂದಿನಲ್ಲಿ ಜಗಳದಿಂದ ಎಳೆದುಕೊಂಡು ಹೋಗುತ್ತಿದ್ದ ಹಾಗೆ.

ಅವಳನ್ನು ಬಸ್ಸಿನವರೆಗೆ ಬಿಟ್ಟು ಬರುತ್ತೇನೆಂದು ಹೇಳಿ ಹೊರಟೆ. ಅಕ್ಕ ತನ್ನ ಡಬ್ಬಿ, ಕೆಲಸದ ಬಟ್ಟೆ, ಕೂರಲು ಇಟ್ಟುಕೊಂಡಿದ್ದ ಸಣ್ಣ ಮಣೆ ಎಲ್ಲ ಚೀಲಕ್ಕೆ ತುಂಬಿಕೊಂಡಳು. ಹೆಂಗಸರು ಒಬ್ಬೊಬ್ಬರಾಗಿ ಬಂದು ಅವಳ ಕೈ ಮುಟ್ಟಿದರು. "ಮೊದ್ಲು ಮೂಗು, ಆಮೇಲೆ ಕೈ. ಮರೀಬೇಡ್ರೇ" ಎಂದು ಅವಳು ಗದರಿದಳು. ಅವರು ನಗಲು ನೋಡಿದರು.

ನಿಲ್ದಾಣದಲ್ಲಿ ಯಾರೂ ಇರಲಿಲ್ಲ. ಬೆಂಚಿನ ಮೇಲೆ ಕೂತೆವು. ನಾನು ಕೇಳಿದೆ. "ಚೆನ್ನಾಗಿದೆ ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ ಅಕ್ಕ. ನಿಜವೇ ಆಗಿತ್ತಲ್ಲ."

"ನಿಜ ಅಂತ ನಿಂಗೆ ಗೊತ್ತಿತ್ತು. ನಂಗೆ ಗೊತ್ತಿರ್ಲಿಲ್ಲ" ಎಂದಳು. "ಗೊತ್ತಿಲ್ದೆ ಒಂದಕ್ಕೆ ಚೆನ್ನಾಗಿದೆ ಅಂದ್ರೆ, ಹಿಂದೆ ಚೆನ್ನಾಗಿದೆ ಅಂದಿದ್ದೆಲ್ಲಾ ಸುಳ್ಳಾಗುತ್ತೆ ಕಣೆ."

ಅವಳು ನನ್ನ ಬಲಗೈಯನ್ನು ತೆಗೆದುಕೊಂಡು ಅಂಗೈ ಮೇಲ್ಮುಖ ಮಾಡಿದಳು. ಎಷ್ಟು ತೊಳೆದರೂ ನನ್ನ ಕೈಯಿಂದ ಲವಂಗದ ವಾಸನೆ ಹೋಗುವುದಿಲ್ಲ. ಅವಳು ತೊಟ್ಟಿನ ಮೇಲೆ ಬಗ್ಗುವ ಹಾಗೆಯೇ ನನ್ನ ಅಂಗೈ ಮೇಲೆ ಬಗ್ಗಿದಳು.

"ಹೇಗಿದೆಯೇ ಅದು?"

"ಯಾವ್ದು?"

"ನಿನ್ನ ಗಂಜಿ ವಾಸನೆ. ಹಲ್ಲಿನ ಡಾಕ್ಟ್ರು ಅಂತ ತೂಕದೋಳು ಅಂದ್ಲಲ್ಲ, ಅದಕ್ಕೇ ನಾನೂ ಅಂದೆ. ನಂಗೆ ಒಂದು ದಿನವೂ ಬಂದಿಲ್ಲ."

ವಾಸನೆಯನ್ನು ಮಾತಿನಲ್ಲಿ ಹೇಗೆ ಹೇಳುವುದು? ಖಾರ ಎನ್ನಲೇ, ಘಾಟು ಎನ್ನಲೇ? ಓದಿದ್ದು ಯಾವುದೂ ಉಪಯೋಗಕ್ಕೆ ಬರಲಿಲ್ಲ.

"ಚಿಕ್ಕೋಳಿದ್ದಾಗ ನಂಗೆ ಹಲ್ಲುನೋವು ಬಂದ್ರೆ ನೀನು ಲವಂಗ ಜಜ್ಜಿ ಹೆಬ್ಬೆರಳಲ್ಲಿ ಒತ್ತಿ ಇಡ್ತಿದ್ದೆ, ಅಳ್ಬೇಡ ಅಳ್ಬೇಡ ಅಂತ" ಎಂದೆ. "ಆ ವಾಸನೆ."

ಅಕ್ಕ ಕಣ್ಣು ಮುಚ್ಚಿದಳು.

"ಹಂಗಿದ್ರೆ ಚೆನ್ನಾಗೇ ಇರುತ್ತೆ" ಎಂದಳು. ಬಸ್ಸು ಬರುವವರೆಗೂ ನನ್ನ ಕೈಯನ್ನು ಮೂಗಿನ ಹತ್ತಿರವೇ ಹಿಡಿದುಕೊಂಡಿದ್ದಳು.